ಪೋಷಕನಟ ಬಾಲಕೃಷ್ಣರು

ನಾಟಕಶಾಲೆಯಿಂದ ಮನೆಗೆ ಮರಳುವಾಗ ನಾವು ರಾಜಪಾರ್ಟಿನವರ ಹೆಸರನ್ನೇ ಹೇಳಿಕೊಂಡು ಬರುವುದು ವಾಡಿಕೆ. ಸಂಗೀತದ ಕಚೇರಿಯಿಂದ ಹಿಂತಿರುಗುವಾಗಲಾದರೂ ಪಿಟೀಲು ಮೃದಂಗಗಳ ವಿಚಾರವಾಗಿ ಎರಡು ಮಾತು ಆಡುವುದುಂಟು. ರಂಗಭೂಮಿಯ ಪಕ್ಕವಾದ್ಯದವರಿಗೆ ಆ ಭಾಗ್ಯವೂ ಅಪರೂಪ. ನಾಯಕನ ದುಃಖವು ನಮಗೆ ದುಃಖವೆಂದು ತೋರಬೇಕಾದರೆ, ಎದುರಿಗೆ ನಿಂತವನು ಅದನ್ನು ಮನಗೊಟ್ಟು ಕೇಳಬೇಕು. ಕೇಳುವುದೇ ಪೋಷಕನಟನ ಕಸುಬೆಂದರೂ ಸಲ್ಲುವುದು. ಹೀಗಿರಲು, ಕನ್ನಡ ಚಿತ್ರಗಳಲ್ಲಿ ಐದು ದಶಕಗಳ ಕಾಲ ಪೋಷಕಪಾತ್ರಗಳನ್ನು ವಹಿಸಿದ ಟಿ. ಎನ್. ಬಾಲಕೃಷ್ಣರಿಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲವೆಂಬ ಸಂಗತಿಯು ವಿಚಾರಕ್ಕೆ ಯೋಗ್ಯವಾದುದು.

ಇವರು ಅರಸೀಕೆರೆಯವರು. ಶ್ರವಣದೋಷವು ಎಳೆಯ ವಯಸ್ಸಿನಿಂದಲೂ ಇವರ ಜೊತೆಗಿತ್ತು. ಇವರು ಕಾಲಿಟ್ಟದ್ದಾದರೋ ವೃತ್ತಿನಾಟಕದ ರಂಗಕ್ಕೆ. ಆ ರಂಗದ ಏರ್ಪಾಡನ್ನು ಸ್ವಲ್ಪ ನೆನೆದುಕೊಳ್ಳಬೇಕು. ರಂಗದ ಮುಂದೆ ಕಾಲುಹಾರ್ಮೋನಿಯಂ. ಅದರ ಶ್ರುತಿಯನ್ನು ಹಿಡಿದೇ ಪಾತ್ರವು ಪದ್ಯವನ್ನು ಎತ್ತಿಕೊಳ್ಳಬೇಕು. ಪಕ್ಕದ ಪರದೆಯ ಮರೆಯಲ್ಲಿ ಹಸ್ತಪ್ರತಿಯನ್ನು ಹಿಡಿದು ನಿಂತು ಮಾತನ್ನು ಎತ್ತಿಕೊಡುವವನು. ಮಾತು ಮರೆತ ನಟನಿಗೆ ಆ ಪಿಸುದನಿಯೇ ಗತಿ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ, ಮುಗಿದ ಪದ್ಯವು ಮತ್ತೆ ಮೊದಲಿನಿಂದ ಆರಂಭವಾಗುವುದು. ಆಗ ಎದುರಿನವನು ಸಹ ತನ್ನ ನಿಲುವನ್ನು ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಎಲ್ಲವೂ ಕಿವಿಯ ಮೇಲೆ ನಿಂತ ವ್ಯವಹಾರ. ಕಿವಿ ಮಂದವಾದವನಿಗೆ ಇಲ್ಲಿ ಉಳಿಯುವ ದಾರಿ ಒಂದೇ: ತನ್ನ ಮಾತನ್ನು ಮಾತ್ರವಲ್ಲ, ಎದುರಿನವನ ಮಾತನ್ನೂ ಪೂರ್ತಿಯಾಗಿ ಬಾಯಿಪಾಠ ಮಾಡಿ, ಅವನ ತುಟಿಯ ಮೇಲೆ ಕಣ್ಣಿಟ್ಟಿರುವುದು. ಬಾಲಕೃಷ್ಣರು ತುಟಿಯ ಚಲನೆಯಿಂದಲೇ ಮಾತನ್ನು ಗ್ರಹಿಸುತ್ತಿದ್ದರೆಂಬುದು ಅವರ ಸಂಗಡ ನಟಿಸಿದವರೆಲ್ಲರೂ ಬಲ್ಲ ವಿಷಯ.

ನಮ್ಮ ನಾಟಕಗಳಲ್ಲಿ ಕಿವುಡನೆಂದರೆ ನಗೆಯ ಸರಕು. ‘ಎತ್ತು’ ಎಂದರೆ ‘ಕತ್ತು’ ಎಂದು ಕೇಳಿಸಿಕೊಳ್ಳುವ ಪಾತ್ರವು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಚಪ್ಪಾಳೆಯನ್ನು ಗಿಟ್ಟಿಸಿದೆ. ಅಂತಹ ರಂಗದಲ್ಲಿ ನಿಜವಾಗಿ ಕಿವಿ ಕೇಳದವರೊಬ್ಬರು, ನೋಡುವವರಿಗೆ ಅದರ ಸುಳಿವನ್ನೇ ಕೊಡದೆ ಬಾಳಿದರು. ಇದನ್ನು ನಾವು ಬರಿಯ ಸಾಹಸವೆಂದು ಹೊಗಳಿ ಬಿಡಲಾರೆವು. ಎದುರಿನವನನ್ನು ಎವೆಯಿಕ್ಕದೆ ನೋಡುವ ಕಣ್ಣೇ ಇವರ ಅಭಿನಯದ ಜೀವಾಳವಾಯಿತು. ಕಿವಿಯುಳ್ಳ ಎಷ್ಟೋ ನಟರು ತಮ್ಮ ಸರದಿ ಬರುವವರೆಗೆ ಸುಮ್ಮನೆ ನಿಂತಿರುತ್ತಾರೆ.

1934ರಲ್ಲಿ ‘ಸತಿ ಸುಲೋಚನ’ವು ಬಂದಂದಿನಿಂದ ಕನ್ನಡದ ವಾಕ್ಚಿತ್ರಗಳಿಗೆ ಪಾತ್ರಧಾರಿಗಳು ಒದಗಿದ್ದು ನಾಟಕ ಕಂಪನಿಗಳಿಂದಲೇ. ಬಾಲಕೃಷ್ಣರು 1943ರ ‘ರಾಧಾರಮಣ’ದಲ್ಲಿ ಮೊದಲಾಗಿ ಕಾಣಿಸಿಕೊಂಡರು. ಮುಂದೆ ಹಾಸ್ಯ, ಖಳ, ಕುಟಿಲ ಬಂಧು, ಊರ ಹಿರಿಯ, ಯಾವುದಕ್ಕೂ ಇವರೇ. ಇವರ ಚಿತ್ರಗಳ ಸಂಖ್ಯೆಯು 500ನ್ನು ಮೀರುವುದೆಂದು ಎಣಿಸುತ್ತಾರೆ. ಆದರೆ ಆರಂಭದ ಕಾಲದಲ್ಲಿ ವರುಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳು ತಯಾರಾದರೆ ಅದೇ ಹೆಚ್ಚು. ನಾಯಕನಿಗೇ ಕೆಲಸ ಸಾಲದಿದ್ದಾಗ ಪಕ್ಕದವನ ಪಾಡನ್ನು ಹೇಳಬೇಕಾದುದಿಲ್ಲ.

ಆ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಕನ್ನಡ ಚಲನಚಿತ್ರ ಕಲಾವಿದರ ಸಂಘ. ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಈ ನಾಲ್ವರು ಕೂಡಿ, ಬಿಟ್ಟುಬಂದ ರಂಗಕ್ಕೆ ಮರಳಿ, ನಾಟಕಗಳನ್ನಾಡುತ್ತ ಊರೂರು ಸುತ್ತಿದರು. ಸಂಘದ ಹೆಸರಿನಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಕಥೆಯದು. ಈ ನಾಲ್ವರ ಪೈಕಿ ನಾಯಕನೆನಿಸಿಕೊಂಡವರು ಒಬ್ಬರೇ, ಉಳಿದ ಮೂವರೂ ಪಕ್ಕದಲ್ಲಿ ನಿಲ್ಲುವವರು, ಎಂಬುದನ್ನು ಚರಿತ್ರಕಾರರು ಅಷ್ಟಾಗಿ ಎತ್ತಿ ಹೇಳಿಲ್ಲ.

ಇವರ ಪಾತ್ರಗಳಲ್ಲಿ ನಾವು ಮುಖ್ಯವಾಗಿ ನೆನೆಯುವುದು 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು. ಪಟ್ಟಣದಿಂದ ಬಂದ ರಾಜೀವನು ಕಲ್ಲುನೆಲವನ್ನು ಹಸನು ಮಾಡಿ ಬೇಸಾಯ ಮಾಡುವೆನೆಂದಾಗ ಅವನಿಗೆ ಒತ್ತಾಸೆಯಾಗಿ ನಿಲ್ಲುವ ಹಿರಿಯನು ಈತ. ಆ ಚಿತ್ರವು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರುಷ ನಡೆಯಿತು. ರಾಜೀವನ ಛಲವನ್ನು ಕಂಡು ಹಳ್ಳಿಗೆ ಹಿಂತಿರುಗಿದ ಯುವಕರ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ರಾಜೀವನ ಮಾತನ್ನು ನಂಬಲು ಊರಿನಲ್ಲಿ ಒಬ್ಬನಾದರೂ ಇಲ್ಲದಿದ್ದರೆ ಆ ಛಲವು ಹುಚ್ಚೆಂದೇ ತೋರುತ್ತಿತ್ತು. ರಾಚೂಟಪ್ಪನು ನಂಬಿದನು, ಆದುದರಿಂದ ನಾವೂ ನಂಬಿದೆವು.

ಕನ್ನಡ ಚಿತ್ರಗಳು ಬಹುಕಾಲ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದುವು. ನಾಯಕನಿಗೆ ಮದ್ರಾಸು ದೂರವಲ್ಲ. ಎರಡು ದಿನದ ಪಾತ್ರದವನಿಗೆ ಬಲು ದೂರ. ನಾಡಿನೊಳಗೇ ಒಂದು ನೆಲೆ ಬೇಕೆಂಬ ಹಂಬಲದಿಂದ ಬಾಲಕೃಷ್ಣರು ಬೆಂಗಳೂರಿನ ಕೆಂಗೇರಿಯ ಬಳಿ, ಸರ್ಕಾರವು ಕೊಟ್ಟ ಸುಮಾರು 20 ಎಕರೆ ನೆಲದಲ್ಲಿ ‘ಅಭಿಮಾನ್ ಸ್ಟುಡಿಯೋ’ವನ್ನು ಕಟ್ಟಹೊರಟರು. ಬಣ್ಣ ಹಚ್ಚಿ ಗಳಿಸಿದ್ದನ್ನು ಅದಕ್ಕೆ ಸುರಿದರು. ಅವರೆಣಿಸಿದ ಪ್ರಮಾಣಕ್ಕೆ ಅದು ಬೆಳೆಯಲಿಲ್ಲ. ಹಣದ ತೊಡಕು ಕಡೆಯವರೆಗೂ ಬಿಡಲಿಲ್ಲ. ದೊಡ್ಡ ನಾಯಕನಟರೊಬ್ಬರು ಇದೇ ಕಾರ್ಯಕ್ಕೆ ಕೈಹಾಕಿದ್ದರೆ ಹೀಗಾಗುತ್ತಿತ್ತೇ ಎಂಬ ಸಂದೇಹವು ನಮ್ಮನ್ನು ಬಿಟ್ಟಿಲ್ಲ.

ಬಾಲಕೃಷ್ಣರು 1995ರ ಜುಲೈ 19ರಂದು ತೀರಿಕೊಂಡರು. 2009ರ ಡಿಸೆಂಬರ್ 30ರಂದು ನಾಯಕನಟ ವಿಷ್ಣುವರ್ಧನರ ಅಂತ್ಯಸಂಸ್ಕಾರವು ಆ ಸ್ಟುಡಿಯೋದ ನೆಲದಲ್ಲಿಯೇ ನಡೆಯಿತು. ಜನಸಾಗರವು ಅಲ್ಲಿಗೆ ಹರಿದುಬಂದಿತು. ಬಂದವರಲ್ಲಿ ಎಷ್ಟೋ ಮಂದಿ ಆ ಸ್ಥಳದ ಹೆಸರನ್ನು ಮೊದಲ ಸಲ ಕೇಳಿದ್ದು ಅಂದೇ ಇರಬೇಕು.