ಹೊಲಿಗೆಯ ಗುರುತು

ಕಲಬೆರಕೆ ಎಂಬ ಮಾತನ್ನು ನಾವು ಹಾಲು, ತುಪ್ಪ, ಎಣ್ಣೆಗಳ ವಿಷಯದಲ್ಲಿ ದೂರುವುದಕ್ಕೆಂದೇ ಮೀಸಲಿರಿಸಿಕೊಂಡಿರುವುದರಿಂದ, ಒಂದು ಚಿತ್ರದ ಪಾತ್ರವನ್ನು ಮತ್ತೊಂದರ ಲೋಕಕ್ಕೆ ಎಳೆತಂದು ನಿಲ್ಲಿಸುವ, ಈಗಿನವರು ಮ್ಯಾಶಪ್ ಎನ್ನುವ ಕಲೆಗೆ ಆ ಹೆಸರನ್ನಿಡಲು ಮನಸ್ಸು ಹಿಂಜರಿಯುತ್ತದೆ. ಹಾಲಿಗೆ ನೀರು ಬೆರೆಸಿದವನು ಬೆರೆಸಿದ್ದನ್ನು ಮರೆಮಾಚುವನು, ಈ ಕಲೆಗಾರನಾದರೋ ಬೆರೆಸಿದ್ದು ಕಾಣಲೆಂದೇ ಬೆರೆಸುವನು. ಹಳೆಯ ಸೀರೆಗಳ ತುಂಡುಗಳಿಂದ ಹೊಲಿದ ಕೌದಿಗೆ ಇದನ್ನು ಹೋಲಿಸುವುದು ಲೇಸು. ತುಂಡು ಯಾವ ಸೀರೆಯದೆಂದು ಗುರುತು ಹಿಡಿಯುವುದೂ, ಹೊಲಿಗೆ ಏತಕ್ಕೆ ಬಿಚ್ಚಿಕೊಳ್ಳದೆ ನಿಂತಿತೆಂದು ನೋಡುವುದೂ ಅದರ ಸುಖ.

ಪರರ ಪಾತ್ರವನ್ನು ಹೇಳದೆ ಕೇಳದೆ ಕರೆತರುವ ಚಪಲ ಬೆಳ್ಳಿತೆರೆ ಬೆಳೆಯುವ ಮೊದಲೇ ಇದ್ದುದು. 1906ರಲ್ಲಿ ಫ್ರೆಂಚ್ ಲೇಖಕ ಮಾರಿಸ್ ಲೆಬ್ಲಾಂ, ತನ್ನ ಕಳ್ಳನಾಯಕ ಆರ್ಸೆನ್ ಲ್ಯುಪೆನನ ಎದುರಿಗೆ ಇಂಗ್ಲೆಂಡಿನ ಷರ್ಲಾಕ್ ಹೋಮ್ಸನನ್ನು ತಂದು ನಿಲ್ಲಿಸಿ, ಕಾನನ್ ಡಾಯ್ಲ್ ಆಕ್ಷೇಪಿಸಿದ ಮೇಲೆ ಮೊದಲಕ್ಷರಗಳನ್ನು ಅದಲುಬದಲು ಮಾಡಿ ‘ಹರ್ಲಾಕ್ ಷೋಮ್ಸ್’ ಎಂದು ಕರೆದು ಸುಮ್ಮನಾದನು. ತೆರೆಯ ಮೇಲೆ ಇದನ್ನೊಂದು ವ್ಯಾಪಾರವನ್ನಾಗಿಸಿದುದು ಯೂನಿವರ್ಸಲ್ ಸಂಸ್ಥೆ. ಬೇರೆಬೇರೆಯಾಗಿ ಹಣ ತಂದಿದ್ದ ಎರಡು ಭೀಕರ ಪಾತ್ರಗಳನ್ನು ಅದು 1943ರಲ್ಲಿ ‘ಫ್ರಾಂಕನ್‌ಸ್ಟೈನ್ ಮೀಟ್ಸ್ ದ ವುಲ್ಫ್ ಮ್ಯಾನ್’ ಎಂಬ ಒಂದೇ ಚಿತ್ರದಲ್ಲಿ ಕೂಡಿಸಿತು. ಹಿಂದಿನ ವರ್ಷದ ಚಿತ್ರದ ಕೊನೆಯಲ್ಲಿ ಫ್ರಾಂಕನ್‌ಸ್ಟೈನನ ರಾಕ್ಷಸನು ಕುರುಡನಾಗಿದ್ದನಾದುದರಿಂದ, ಈಗ ಆ ವೇಷ ತೊಟ್ಟ ಬೇಲಾ ಲುಗೋಸಿ ಕೈಗಳನ್ನು ಮುಂದಕ್ಕೆ ಚಾಚಿ ತಡವರಿಸುತ್ತ ನಡೆದನು. ಚಿತ್ರೀಕರಣ ಮುಗಿದ ಮೇಲೆ ಅವನ ಮಾತುಗಳನ್ನೂ ಕುರುಡಿನ ಪ್ರಸ್ತಾಪವನ್ನೂ ಕತ್ತರಿಸಿಹಾಕಿದರು. ಕಾರಣ ಹೋಯಿತು, ನಡಿಗೆ ಉಳಿಯಿತು. ಇಂದಿಗೂ ಆ ರಾಕ್ಷಸನನ್ನು ಅಣಕಿಸುವವರು ಕೈಚಾಚಿ ನಡೆಯುತ್ತಾರಷ್ಟೆ, ಅದರಲ್ಲಿ ಈ ಕತ್ತರಿಯ ಪಾಲು ಸಣ್ಣದಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಅವೇ ಪಾತ್ರಗಳು ಆಬಟ್ ಮತ್ತು ಕಾಸ್ಟೆಲೊ ಎಂಬ ವಿದೂಷಕರ ಜೊತೆ ನಗಿಸುವುದಕ್ಕೂ ನಿಂತುವು.

ಕೂಡಿಸುವಾಗ ಅಳತೆಯನ್ನು ಹೊಂದಿಸಬೇಕಾಗುವುದು. 1933ರ ಕಿಂಗ್ ಕಾಂಗ್‌ಗೆ ಚಲನೆ ಕೊಟ್ಟ ವಿಲ್ಲಿಸ್ ಓಬ್ರಿಯನ್, ಆ ವಾನರನನ್ನು ಫ್ರಾಂಕನ್‌ಸ್ಟೈನನ ಸೃಷ್ಟಿಯೊಡನೆ ಕಾದಿಸಬೇಕೆಂದು ಕನಸು ಕಂಡಿದ್ದನು. ಕನಸು ಕೈಯಿಂದ ಕೈಗೆ ಜಾರಿ ಜಪಾನಿನ ತೋಹೊ ಸಂಸ್ಥೆಯನ್ನು ಸೇರಿ, 1962ರಲ್ಲಿ ಗಾಡ್ಜಿಲ್ಲನೊಡನೆ ಕಾಳಗವಾಗಿ ಮುಗಿಯಿತು. ಎದುರಾಳಿಯ ಎತ್ತರ 50 ಮೀಟರ್. ಆದುದರಿಂದ ಕಾಂಗನನ್ನು 45 ಮೀಟರಿಗೆ ಬೆಳೆಸಿ, ಸಿಡಿಲಿನಿಂದ ಬಲ ಪಡೆಯುವ ವರವನ್ನೂ ಕರುಣಿಸಿದರು. ಯಕ್ಷಗಾನದ ಕೃಷ್ಣಾರ್ಜುನ ಕಾಳಗವನ್ನು ಬೆಳಗಿನವರೆಗೆ ಕುಳಿತು ನೋಡಿದವರಿಗೆ ಈ ಪೇಚಾಟ ಹೊಸದೆನಿಸದು: ಯುದ್ಧವೂ ನಡೆಯಬೇಕು, ಇಬ್ಬರಲ್ಲೊಬ್ಬನ ಘನತೆಯೂ ಕುಂದಬಾರದು.

ನಾನು ಕಂಡಷ್ಟರಲ್ಲಿ ಅತ್ಯಂತ ನಾಜೂಕಾದ ಹೊಲಿಗೆ 1982ರ ‘ಡೆಡ್ ಮೆನ್ ಡೋಂಟ್ ವೇರ್ ಪ್ಲಾಡ್’ ಎಂಬುದರಲ್ಲಿದೆ. ಕಾರ್ಲ್ ರೈನರ್ ನಿರ್ದೇಶಿಸಿದ ಈ ಕಪ್ಪು-ಬಿಳುಪಿನ ಹಾಸ್ಯಚಿತ್ರದಲ್ಲಿ, ಪತ್ತೇದಾರನಾದ ಸ್ಟೀವ್ ಮಾರ್ಟಿನ್ ನಾಲ್ವತ್ತರ ದಶಕದ ಅಪರಾಧಚಿತ್ರಗಳ ತುಣುಕುಗಳೊಡನೆ ಮಾತಾಡುತ್ತಾನೆ. ಆ ಕಡೆಯಿಂದ ಹಂಫ್ರಿ ಬೋಗಾರ್ಟನಂಥವರು ಉತ್ತರಿಸುತ್ತಾರೆ. 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ನಾಯಕಿ ಬಾರ್ಬರಾ ಸ್ಟ್ಯಾನ್‌ವಿಕ್ ದಿನಸಿ ಅಂಗಡಿಯಲ್ಲಿ ನಾಯಕನನ್ನು ಗುಟ್ಟಾಗಿ ಸಂಧಿಸುವ ಪ್ರಸಂಗವೊಂದುಂಟು, ಇಲ್ಲಿ ಹೊಂಬಣ್ಣದ ಟೋಪನ್ನು ಧರಿಸಿದ ಸ್ಟೀವ್ ಮಾರ್ಟಿನನೇ ಅವಳ ಸ್ಥಾನದಲ್ಲಿ ನಿಲ್ಲುತ್ತಾನೆ. ಹೊಲಿಗೆ ನಿಂತುದು ಏಕೆಂದರೆ, 1944ರಲ್ಲಿ ಸ್ಟ್ಯಾನ್‌ವಿಕ್‌ಳ ಉಡುಪನ್ನು ರೂಪಿಸಿದ ಎಡಿತ್ ಹೆಡ್‌ಳೇ ಮಾರ್ಟಿನನ ಉಡುಪನ್ನೂ ರೂಪಿಸಿದಳು, ಹಳೆಯ ಚಿತ್ರಕ್ಕೆ ಸಂಗೀತ ಕೂಡಿಸಿದ ಮಿಕ್ಲೋಷ್ ರೋಜಾನೇ ಹೊಸದಕ್ಕೂ ಕೂಡಿಸಿದನು. ಎಡಿತ್ ಹೆಡ್‌ಳ ಕಡೆಯ ಚಿತ್ರವದು. ತೆರೆಕಾಣುವ ಮೊದಲೇ ಆಕೆ ತೀರಿಕೊಂಡಿದ್ದಳು.

ಅಷ್ಟರಲ್ಲಾಗಲೇ ಕತ್ತರಿ ಪ್ರೇಕ್ಷಕರ ಕೈಗೂ ದಾಟಿದ್ದಿತು. ಕ್ಯಾಂಡಿ ಫಾಂಗ್ ಎಂಬಾಕೆ 1975ರಲ್ಲಿಯೇ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಸ್ಥಿರಚಿತ್ರಗಳಿಗೆ ಹಾಡು ಹೊಂದಿಸಿ ಅಭಿಮಾನಿಗಳ ಕೂಟದಲ್ಲಿ ತೋರಿಸಿದ್ದಳು. ಕಂಪ್ಯೂಟರು ಮನೆಮನೆಗೆ ಬಂದ ಮೇಲಂತೂ ಇಲ್ಲದ ಚಿತ್ರಗಳ ಟ್ರೇಲರುಗಳು ಮಳೆಗಾಲದ ಅಣಬೆಯಂತೆ ಎದ್ದುವು. 2005ರಲ್ಲಿ ನ್ಯೂಯಾರ್ಕಿನ ಸಂಕಲನಕಾರರ ಸಹಾಯಕ ರಾಬರ್ಟ್ ರಯಾಂಗ್, ಕುಬ್ರಿಕ್‌ನ ಭಯಾನಕ ಚಿತ್ರ ‘ದ ಶೈನಿಂಗ್’ನ ದೃಶ್ಯಗಳನ್ನೇ ಆಯ್ದು, ಉಲ್ಲಾಸದ ನಿರೂಪಣೆ, ಲವಲವಿಕೆಯ ಹಾಡು ಸೇರಿಸಿ, ಬರೆಯಲಾರದ ಲೇಖಕನೂ ತಂದೆಯ ಪ್ರೀತಿಗೆ ಹಂಬಲಿಸುವ ಬಾಲಕನೂ ಒಂದಾಗುವ ಸಂಸಾರಚಿತ್ರವೊಂದರ ಭ್ರಾಂತಿಯನ್ನು ಹುಟ್ಟಿಸಿದನು. ಒಂದೇ ನಗು ಹಿಂದಿನ ರಾಗ ಬದಲಾದೊಡನೆ ಕೊಲೆಗಾರನದಾಗಬಲ್ಲದು, ಅಪ್ಪನದೂ ಆಗಬಲ್ಲದು. 2009ರಲ್ಲಿ ಜೊನಾಥನ್ ಮ್ಯಾಕಿಂಟಾಷ್ ಮಾಡಿದುದು ಇನ್ನೂ ಹರಿತವಾದುದು. ‘ಟ್ವಿಲೈಟ್’ ಚಿತ್ರದ ರಕ್ತಪಿಪಾಸು ಪ್ರೇಮಿ ಎಡ್ವರ್ಡನನ್ನು, ಅಂಥವರನ್ನು ಬೇಟೆಯಾಡುವುದೇ ವೃತ್ತಿಯಾದ ಕಿರುತೆರೆಯ ಬಫಿಯ ಬೆನ್ನುಹತ್ತಿಸಿದನು. ಮೂಲದಲ್ಲಿ ಪ್ರಣಯವೆನಿಸಿದ್ದ ಅವನ ದುರುದುರು ನೋಟ ಇಲ್ಲಿ ಶುದ್ಧ ಕಿರುಕುಳವಾಗಿ ತೋರಿ, ಕೊನೆಗೆ ಅವಳು ಅವನನ್ನು ಮುಗಿಸುವಳು. ವಿಮರ್ಶಕನು ಹತ್ತು ಪುಟ ಬರೆದು ಹೇಳಬೇಕಾದುದು ಆರು ನಿಮಿಷದಲ್ಲಿ ಆಗಿಹೋಯಿತು.

ಈಚೆಗೆ ದೊಡ್ಡ ಸಂಸ್ಥೆಗಳೇ ಅಭಿಮಾನಿಗಳ ಹಗಲುಗನಸನ್ನು ಕೈಗೆತ್ತಿಕೊಂಡಿವೆ. 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ನಲ್ಲಿ ಮೂರು ಕಾಲದ ಮೂವರು ನಟರು ಒಂದೇ ವೇಷದಲ್ಲಿ ಕಲೆತರು. ವೈಭವಕ್ಕೆ ಕೊರತೆಯಿಲ್ಲ. ಆದರೆ ಕದ್ದು ತಿಂದ ಮಾವಿನಕಾಯಿಯ ರುಚಿ ಅಂಗಡಿಯಲ್ಲಿ ಕೊಂಡುದಕ್ಕೆ ಬರುವುದುಂಟೆ?

ಕನ್ನಡ ವಾಹಿನಿಗಳಲ್ಲಿ ಈ ವಿದ್ಯೆಗೆ ‘ಮಹಾಸಂಗಮ’ವೆಂದು ಹೆಸರು. ಎರಡು ಧಾರಾವಾಹಿಗಳ ಮನೆಯವರು ಮದುವೆಯ ಛತ್ರದಲ್ಲಿಯೋ ಜಾತ್ರೆಯಲ್ಲಿಯೋ ಸಂಧಿಸಿ, ಅರ್ಧ ಗಂಟೆಯ ಕಥೆ ಒಂದು ಗಂಟೆಗೆ ಹಿಗ್ಗುವುದು. ಅಂಥದೊಂದು ಸಂಜೆ ನಮ್ಮ ಸೋದರತ್ತೆ ಹುರುಳಿಕಾಯಿ ಸೋಸುತ್ತ ನೋಡುತ್ತಿದ್ದಾಗ, ಆ ಮನೆಯ ಸೊಸೆ ಈ ಮನೆಯ ಮದುವೆಗೆ ಹೇಗೆ ಬಂದಳೆಂದು ನಾನು ಕೇಳಿದೆ. “ಅವಳತ್ತೆಗೆ ಇವರು ತೌರಿನ ಕಡೆ ನೆಂಟರಾಗ್ಬೇಕು ಕಣೋ, ಬರದೆ ಇರ್ತಾಳಾ?” ಎಂದಳು, ತೆರೆಯಿಂದ ಕಣ್ಣು ಕೀಳದೆ. ಆ ನೆಂಟಸ್ತನವನ್ನು ಧಾರಾವಾಹಿಯಲ್ಲಿ ಯಾರೂ ಹೇಳಿರಲಿಲ್ಲ.