ದಣಿದ ವೈಮಾನಿಕರ ವಿವೇಚನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೇಂಬ್ರಿಜ್‌ನ ಮನಶ್ಶಾಸ್ತ್ರ ಪ್ರಯೋಗಾಲಯದಲ್ಲಿ, ಕೆನೆತ್ ಕ್ರೇಕ್ ಎಂಬ ತರುಣ ವಿದ್ವಾಂಸರು ಸ್ಪಿಟ್‌ಫೈರ್ ವಿಮಾನದ ಚಾಲಕಪೀಠವೊಂದನ್ನು ತಂದಿರಿಸಿ, ಚಾಲಕನ ಕೈಕಾಲುಗಳ ಚಲನೆಗೆ ತಕ್ಕಂತೆ ಅದರ ಮಾಪಕಗಳು ಓಲಾಡುವಂತೆ ಅಣಿಗೊಳಿಸಿದರು. ನೆಲವನ್ನು ಬಿಟ್ಟೇಳದ ಈ ವಿಮಾನದಲ್ಲಿ ನುರಿತ ವೈಮಾನಿಕರು ದೀರ್ಘಕಾಲ ಕುಳಿತು ದುಡಿದು ದಣಿದಂತೆಲ್ಲ, ಆರಂಭದಲ್ಲಿ ತಾವೇ ಸಹಿಸದಿದ್ದ ಸ್ಖಲನಗಳನ್ನು ಕ್ರಮೇಣ ಸಾಕೆಂದು ಒಪ್ಪತೊಡಗಿದರು. ಮಾಪಕಸಮೂಹವನ್ನು ಸಮಗ್ರವಾಗಿ ಕಾಣುತ್ತಿದ್ದ ದೃಷ್ಟಿಯು ಚದುರಿ ಬಿಡಿಬಿಡಿ ಮುಳ್ಳುಗಳನ್ನು ಬೆನ್ನಟ್ಟಿತು. ಅಂಚಿನಲ್ಲಿದ್ದ ಇಂಧನಮಾಪಕವಂತೂ ಮರೆತೇಹೋಯಿತು. ಅದಕ್ಕಿಂತ ವಿಸ್ಮಯಕರವಾದುದು, ಮತ್ತು ನನ್ನ ಮಟ್ಟಿಗೆ ಅತ್ಯಂತ ಭಯಾವಹವಾದುದು, ತಮ್ಮ ಕಾರ್ಯವು ಉತ್ತಮಗೊಳ್ಳುತ್ತಿದೆಯೆಂದೇ ಅವರಲ್ಲಿ ಹಲವರು ನಂಬಿದ್ದುದು. ದೋಷವೇನಾದರೂ ಕಂಡರೆ ಅದನ್ನು ಯಂತ್ರದ ಮೇಲೆ ಹೊರಿಸುತ್ತಿದ್ದರಂತೆ! ಪ್ರಯೋಗಾಲಯದ ಹಿರಿಯರಾದ ಫ್ರೆಡರಿಕ್ ಬಾರ್ಟ್‌ಲೆಟ್ಟರು ಈ ವಿಚಾರಗಳನ್ನು 1943ರಲ್ಲಿ ಪ್ರಕಟಿಸಿದರು.

ಕ್ರೇಕರು 1945ರ ಮೇ ತಿಂಗಳಲ್ಲಿ, 31ನೆಯ ವಯಸ್ಸಿನಲ್ಲೇ, ಬೈಸಿಕಲ್ ಅಪಘಾತಕ್ಕೀಡಾಗಿ ತೀರಿಕೊಂಡರು. ಕೇಂಬ್ರಿಜ್‌ನ ಅದೇ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ನಾರ್ಮನ್ ಮ್ಯಾಕ್‌ವರ್ತ್, ಸೆಕೆಂಡಿಗೊಂದು ಹೆಜ್ಜೆ ಸರಿಯುವ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುವುದನ್ನು ಎರಡು ಗಂಟೆಗಳ ಕಾಲ ಕಾಯುವ ಪರೀಕ್ಷೆಯನ್ನು ಏರ್ಪಡಿಸಿ, ರೇಡಾರ್ ಕಾವಲುಗಾರರಂಥವರ ಎಚ್ಚರವು ಮೊದಲ ಅರ್ಧ ಗಂಟೆಯ ಬಳಿಕವೇ ಗಣನೀಯವಾಗಿ ಕುಗ್ಗುವುದೆಂದು 1948ರಲ್ಲಿ ತೋರಿಸಿಕೊಟ್ಟರು.