ದೇವರನ್ನು ಪ್ರಶ್ನಿಸಿದ ಪ್ರವಾದಿ ಹಬಕ್ಕೂಕ

ಹಳೆಯ ಒಡಂಬಡಿಕೆಯ ಹನ್ನೆರಡು ಮಂದಿ ಪ್ರವಾದಿಗಳನ್ನು ‘ಕಿರಿಯ ಪ್ರವಾದಿಗಳು’ ಎಂದು ಕರೆಯುವುದು ವಾಡಿಕೆ. ಅವರ ಬರಹಗಳು ಚಿಕ್ಕವು ಎಂಬುದಷ್ಟೇ ಇದರ ಅರ್ಥವೆಂದು ಸಂತ ಅಗಸ್ತೀನರೇ ವಿವರಿಸಿರುವರು. ಇವರಲ್ಲಿ ಎಂಟನೆಯವನಾದ ಹಬಕ್ಕೂಕನ ಗ್ರಂಥದಲ್ಲಿರುವುದು 3 ಅಧ್ಯಾಯಗಳು, 56 ವಚನಗಳು ಮಾತ್ರ. ಆತನ ತಂದೆ ಯಾರು, ಊರು ಯಾವುದು ಎಂಬುದನ್ನೂ ಅದು ತಿಳಿಸುವುದಿಲ್ಲ.

ಆತನ ಕಾಲವನ್ನು ಮಾತ್ರ ಊಹಿಸಬಹುದು. ಕ್ರಿ.ಪೂ. 612ರಲ್ಲಿ ಅಸ್ಸೀರಿಯರ ರಾಜಧಾನಿ ನಿನೆವೆ ನೆಲಕಚ್ಚಿತು. 605ರಲ್ಲಿ ಕರ್ಕೆಮೀಷಿನ ಯುದ್ಧದಲ್ಲಿ ಬಾಬಿಲೋನಿಯರು ಈಜಿಪ್ಟಿನ ಸೇನೆಯನ್ನು ಮುರಿದರು. ಜುದೇಯ ನಾಡಿನಲ್ಲಾದರೋ ಕೂಲಿಕೊಡದೆ ಅರಮನೆ ಕಟ್ಟಿಸಿಕೊಂಡ ಯೆಹೋಯಾಕೀಮನು ಅರಸನಾಗಿದ್ದನು. ಈ ಕಾಲದಲ್ಲಿಯೇ ಹಬಕ್ಕೂಕನು ಪ್ರವಾದಿಸಿದನೆಂಬುದು ಬಹುಮಂದಿ ವಿದ್ವಾಂಸರ ಮತ.

ಇತರ ಪ್ರವಾದಿಗಳು ದೇವರ ಪರವಾಗಿ ಜನರೊಡನೆ ಮಾತನಾಡಿದರು. ಹಬಕ್ಕೂಕನಾದರೋ ಜನರ ಪರವಾಗಿ ದೇವರ ಕಡೆಗೇ ತಿರುಗಿದನು. ಹಿಂಸೆಯನ್ನು ಕಂಡು ಕೂಗಿದರೂ ತಾವು ಕಿವಿಗೊಡದಿರುವುದೇಕೆಂದು ಕೇಳಿದನು. ಕಸ್ದೀಯರನ್ನು ದಂಡನೆಯ ಸಾಧನವಾಗಿ ಎಬ್ಬಿಸುತ್ತಿದ್ದೇನೆಂಬ ಉತ್ತರ ದೊರೆತಾಗ ಆತನ ಸಂಕಟ ಇಮ್ಮಡಿಯಾಯಿತು. ಕೆಡುಕನು ತನಗಿಂತ ಒಳ್ಳೆಯವನನ್ನು ನುಂಗುತ್ತಿರಲು ಪರಿಶುದ್ಧನಾದ ದೇವರು ನೋಡುತ್ತ ಸುಮ್ಮನಿರುವುದು ಹೇಗೆ? ಹೀಗೆ ಕೇಳಿ, ಕಾವಲುಗಾರನಂತೆ ಬುರುಜನ್ನೇರಿ ಉತ್ತರಕ್ಕಾಗಿ ಕಾದು ನಿಂತನು.

ದೇವರನ್ನು ಹೀಗೆ ಕೇಳಬಹುದೇ ಎಂದು ಹಿಂಜರಿಯುವ ಭಕ್ತರುಂಟು. ಆದರೆ ಈ ದೂರನ್ನು ಧರ್ಮಸಭೆ ಪವಿತ್ರಗ್ರಂಥದಿಂದ ಕಿತ್ತುಹಾಕಲಿಲ್ಲ; ಸಾಧಾರಣ ಕಾಲದ 27ನೆಯ ಭಾನುವಾರ, ‘ಸಿ’ ವರ್ಷದಲ್ಲಿ, ಬಲಿಪೂಜೆಯ ಮೊದಲ ವಾಚನವಾಗಿಯೇ ಓದಿಸುತ್ತದೆ. ಮಗುವನ್ನು ಮಣ್ಣುಮಾಡಿ ಬಂದ ತಂದೆ ಎತ್ತುವ ಪ್ರಶ್ನೆಯೂ ಇದೇ ಅಲ್ಲವೇ?

ದೊರೆತ ಉತ್ತರ ಚಿಕ್ಕದು: ದರ್ಶನವನ್ನು ಹಲಗೆಗಳ ಮೇಲೆ ಬರೆ, ಅದು ತಡವಾದರೂ ಕಾದಿರು, ನೀತಿವಂತನು ತನ್ನ ನಂಬಿಕೆಯಿಂದಲೇ ಜೀವಿಸುವನು. ಮೂಲದ ‘ಎಮೂನಾ’ ಎಂಬ ಹಿಬ್ರೂ ಪದಕ್ಕೆ ನಂಬಿಕೆ ಎಂಬುದಕ್ಕಿಂತಲೂ ಅಚಲ ನಿಷ್ಠೆ ಎಂಬ ಅರ್ಥ ಹೆಚ್ಚು ಒಪ್ಪುತ್ತದೆಂದು ನಮಗೆ ತೋರುತ್ತದೆ. ಸಂತ ಪೌಲನು ರೋಮನರಿಗೂ ಗಲಾತ್ಯರಿಗೂ ಬರೆದ ಪತ್ರಗಳಲ್ಲಿ ಈ ಮಾತನ್ನೇ ಆಧಾರವಾಗಿ ಹಿಡಿದನು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರರ ವಾದಕ್ಕೂ ಪೌಲನ ಈ ಬೋಧನೆಯೇ ತಳಹದಿಯಾಯಿತು. 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಸುರುಳಿಗಳಲ್ಲಿ ಹಬಕ್ಕೂಕನ ಮೊದಲ ಎರಡು ಅಧ್ಯಾಯಗಳಿಗೆ ಬರೆದ ವ್ಯಾಖ್ಯಾನವೊಂದಿದೆ. ಆ ಯೆಹೂದ್ಯ ಪಂಗಡದವರು ಇದೇ ವಚನವನ್ನು ಧರ್ಮಶಾಸ್ತ್ರವನ್ನು ಪಾಲಿಸಿ ತಮ್ಮ ‘ನೀತಿಬೋಧಕ’ನಲ್ಲಿ ನಿಷ್ಠೆಯಿಟ್ಟವರಿಗೆ ಅನ್ವಯಿಸಿಕೊಂಡರು. ಕಸ್ದೀಯರು ಎಂದಿದ್ದಲ್ಲಿ ಅವರು ಕಂಡದ್ದು ‘ಕಿತ್ತೀಮ’ರನ್ನು, ಅಂದರೆ ತಮ್ಮ ಕಾಲದ ರೋಮನರನ್ನು.

ನಮ್ಮ ಕ್ರಿಸ್ಮಸ್ ಗೋದಲಿಗೂ ಈ ಪ್ರವಾದಿಗೂ ನಂಟುಂಟೆಂದರೆ ಹಲವರು ಬೆರಗಾಗಬಹುದು. ಸಂತ ಲೂಕನ ಶುಭಸಂದೇಶದಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಹಿಬ್ರೂ ಬರಹದಲ್ಲಿ ಹಿಂದೆ ಸ್ವರಚಿಹ್ನೆಗಳಿರಲಿಲ್ಲ. ಕಾಗುಣಿತವಿಲ್ಲದ ಕನ್ನಡವನ್ನು ಓದಿದಂತೆಯೇ ಅದನ್ನು ಓದಬೇಕಾಗಿತ್ತು. ಮೂರನೆಯ ಅಧ್ಯಾಯದಲ್ಲಿ ‘ವರ್ಷಗಳ ನಡುವೆ’ ಎಂಬರ್ಥದ ಪದಗಳನ್ನು ಪ್ರಾಚೀನ ಗ್ರೀಕ್ ಅನುವಾದಕರು ‘ಎರಡು ಜೀವಿಗಳ ನಡುವೆ’ ಎಂದು ಗ್ರಹಿಸಿದರು. ಮುಂದೆ ‘ಹುಸಿ ಮತ್ತಾಯ’ ಎಂಬ ಅಪ್ರಮಾಣಿತ ಗ್ರಂಥವು ಆ ಮಾತಿಗೆ ಯೆಶಾಯನ ಮೊದಲ ಅಧ್ಯಾಯದ ಎತ್ತು ಕತ್ತೆಗಳನ್ನು ಜೋಡಿಸಿ ಎರಡನ್ನೂ ಬಾಲಯೇಸುವಿನ ಗೋದಲಿಯ ಬಳಿ ತಂದು ನಿಲ್ಲಿಸಿತು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚಿಯೋದಲ್ಲಿ ಸಜೀವವಾದ ಎತ್ತು ಕತ್ತೆಗಳನ್ನೇ ತರಿಸಿದರು.

ದಾನಿಯೇಲನ ಗ್ರಂಥದ 14ನೆಯ ಅಧ್ಯಾಯದಲ್ಲಿ ಹಬಕ್ಕೂಕನೆಂಬ ಪ್ರವಾದಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಕೊಯ್ಲಿನ ಆಳುಗಳಿಗೆ ಬುತ್ತಿ ಒಯ್ಯುತ್ತಿದ್ದವನನ್ನು ದೇವದೂತನು ತಲೆಗೂದಲು ಹಿಡಿದೆತ್ತಿ, ಬಾಬಿಲೋನಿನಲ್ಲಿ ಸಿಂಹಗಳ ಗವಿಯಲ್ಲಿದ್ದ ದಾನಿಯೇಲನ ಬಳಿಗೆ ಒಯ್ದನಂತೆ. ರೋಮಿನ ಸಾಂತಾ ಮರಿಯಾ ದೆಲ್ ಪೊಪೊಲೊ ದೇವಾಲಯದಲ್ಲಿ ಬೆರ್ನಿನಿಯು ಈ ಪ್ರಸಂಗವನ್ನು ಅಮೃತಶಿಲೆಯಲ್ಲಿ ಕಡೆದಿರುವನು. ಫ್ಲಾರೆನ್ಸಿನಲ್ಲಿ ದೊನಾತೆಲ್ಲೊ ಕಡೆದ, ಜನರು ಪ್ರೀತಿಯಿಂದ ‘ಬುರುಡೆತಲೆಯವ’ನೆಂದು ಕರೆಯುವ ಕೃಶಮೂರ್ತಿಯೂ ಹಬಕ್ಕೂಕನದೆಂದೇ ಪ್ರತೀತಿ.

ಆತನ ಗ್ರಂಥ ಮುಗಿಯುವುದು ಒಂದು ಕೀರ್ತನೆಯಿಂದ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆಯದೆ ಹಟ್ಟಿಯಲ್ಲಿ ದನಕುರಿಗಳೇ ಇಲ್ಲವಾದರೂ ತಾನು ಸರ್ವೇಶ್ವರನಲ್ಲಿ ಹರ್ಷಿಸುವೆನೆಂದು ಆತನು ಹಾಡುತ್ತಾನೆ. ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಆಗಲೂ ದೊರೆತಿರಲಿಲ್ಲ. ಬಾಬಿಲೋನಿಯರು ಬಂದೇ ಬಂದರು, ಕ್ರಿ.ಪೂ. 587ರ ಸುಮಾರಿಗೆ ಜೆರುಸಲೇಮ್ ಸುಟ್ಟುಹೋಯಿತು. ಆ ಹಾಡು ಮಾತ್ರ ಉಳಿಯಿತು. ಅದರ ಕೆಳಗೆ ಗಾಯಕರ ನಾಯಕನಿಗೊಂದು ಸೂಚನೆಯಿದೆ: ಇದನ್ನು ತಂತಿವಾದ್ಯಗಳೊಡನೆ ಹಾಡಿಸತಕ್ಕದ್ದು.